ಮೇಷ್ಟ್ರ ಸೋರ್ಸ್ ಕೋಡ್

ಅರಸೀಕೆರೆಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಒಣಗಿಸುವ ಯಂತ್ರದ ಪ್ರೋಗ್ರಾಂ ಫೋರ್ತ್ ಎಂಬ ಅಪರೂಪದ ಕಂಪ್ಯೂಟರ್ ಭಾಷೆಯಲ್ಲಿತ್ತು. ಅದನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಯಂತ್ರದ ಬಿಸಿ ಏರುತ್ತಲೇ ಹೋಯಿತು. ಕೆಲಸದ ಹೆಂಗಸರು ಕಿರುಚಿಕೊಂಡು ಹೊರಗೋಡಿದರು. ಯಂತ್ರ ನಿಲ್ಲಿಸಿ ನೋಡಿದರೆ, ದೋಷವಿದ್ದದ್ದು ಪ್ರೋಗ್ರಾಮಿನಲ್ಲಲ್ಲ, ಆ ಭಾಷೆಯನ್ನು ಯಂತ್ರಕ್ಕೆ ಅರ್ಥಮಾಡಿಸುವ ತಂತ್ರಾಂಶದಲ್ಲಿ. ಅದನ್ನು ತಿದ್ದಲು ಬೇಕಾದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಗಲಿಲ್ಲ. ಆ ತಂತ್ರಾಂಶ ಬರೆದಿದ್ದ ಜಾವಗಲ್ಲಿನ ಮೇಷ್ಟ್ರು ತೀರಿಕೊಂಡಿದ್ದರು. ಅವರ ಮನೆಗೇ ಹೋದೆ.

"ಹಳೇ ಕಂಪ್ಯೂಟ್ರು ಐತೆ ಕಣಪ್ಪ. ಓಡ್ತದೋ ಇಲ್ವೋ ಕಾಣೆ," ಎಂದರು ಅವರ ಹೆಂಡತಿ.

ಕಂಪ್ಯೂಟರ್ ಆನ್ ಮಾಡಿದೊಡನೆ ಒಳಗಿನ ಡಿಸ್ಕ್ ಇನ್ನೇನು ಕೆಡುವಂತೆ ಟಕಟಕ ಅನ್ನತೊಡಗಿತು. ಪೆನ್‌ಡ್ರೈವಿಗೆ ಸೋರ್ಸ್ ಕೋಡ್ ಕಾಪಿ ಆಗುವಷ್ಟು ಹೊತ್ತೂ ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಡಿಸ್ಕ್ ಸದ್ದಿಲ್ಲದೆ ನಿಂತುಹೋಯಿತು.

ತಪ್ಪು ಹುಡುಕಿ ತಿದ್ದಿದೆ. ಮತ್ತೆ ಯಂತ್ರ ಶುರುಮಾಡಿದಾಗ ಅದರ ಪಕ್ಕ ನಾನೊಬ್ಬನೇ ನಿಂತೆ. ಬಿಸಿ ಹದಕ್ಕೆ ಬಂದು ನಿಂತಿತು. ಆಮೇಲೆ ಹೊರಗೆ ನಿಂತಿದ್ದ ಹೆಂಗಸರನ್ನು ಒಳಗೆ ಕರೆದೆ.