ಹಣೆಗೊತ್ತಿಕೊಂಡ ಕೈ

ಲೂದಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹೊಸ್ತಿಲ ಬಳಿ ಮೀನುಬಲೆಯ ಹರಿದ ಕಡೆ ಹೆಣೆಯುತ್ತ ಕೂತಿದ್ದ ಗಂಡ ಪ್ರಿಮೊ ತಲೆಯೆತ್ತಿ ನೋಡಿ, "ಹಣೆ ಮೇಲೇನೇ ಅದು? ಎಲ್ಲಿ ಹೊಡ್ಕೊಂಡೆ?" ಎಂದ.

ಕನ್ನಡಿಯಲ್ಲಿ ನೋಡಿದಳು. ಹುಬ್ಬುಗಳ ನಡುವೆ ಹೆಬ್ಬೆರಳಗಲ ಒಣಗಿದ ರಕ್ತ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಹೋಯಿತು. ಅಡಿಯಲ್ಲಿ ಗಾಯವೂ ಇಲ್ಲ, ಗೀರೂ ಇಲ್ಲ. ರಕ್ತ ಅವಳದಲ್ಲ.

ಲೂದಿ ಅಂದರೆ ಲೂದಿವಿನಾ, ನಮ್ಮ ಊರಿನ ಆರೋಗ್ಯ ಕಾರ್ಯಕರ್ತೆ. ಹದಿನೆಂಟು ವರ್ಷದಿಂದ ಅದೇ ನೀಲಿ ಅಂಗಿ, ಅದೇ ಬಿ.ಪಿ. ಯಂತ್ರ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳೆಂದು ಅವಳ ಅತ್ತೆ ಹೇಳುತ್ತಿದ್ದದ್ದು ಸುಳ್ಳಲ್ಲ. ಚರ್ಚಿನಲ್ಲಿ ಕೂಡ ಕೊನೆಯ ಬೆಂಚಿನ ತುದಿಯಲ್ಲೇ ಕೂರುತ್ತಾಳೆ, ಪಾದ್ರಿಯ ಮಾತು ಉದ್ದವಾದರೆ ಎದ್ದು ಹೊರಗೆ ಓಡಾಡಿ ಬರುತ್ತಾಳೆ. ಆವತ್ತು ಬೆಳಿಗ್ಗೆ ಒಂಬತ್ತು ಮುದುಕ ಮುದುಕಿಯರ ಮನೆಗೆ ಹೋಗಿ ಬಂದಿದ್ದಳು. ನಮ್ಮಲ್ಲಿ ಹಿರಿಯರ ಮನೆ ಹೊಕ್ಕರೆ ಮೊದಲು ಬಗ್ಗಬೇಕು, ಅವರು ಚಾಚಿದ ಬಲಗೈಯ ಹಿಂಬದಿಯನ್ನು ಹಣೆಗೊತ್ತಿಕೊಳ್ಳಬೇಕು. ಆಗ ಕಣ್ಣು ನೆಲದ ಮೇಲಿರಬೇಕು. ಹಿರಿಯರ ಕೈಯನ್ನು ತಿರುಗಿಸಿ ಮುರುಗಿಸಿ ನೋಡುವುದು ಸಂತೆಯಲ್ಲಿ ಮೀನು ಕೊಳ್ಳುವವರ ಲಕ್ಷಣ. ಹಾಗಾಗಿ ಒಂಬತ್ತು ಕೈಗಳನ್ನು ಹಣೆಗೊತ್ತಿಕೊಂಡಿದ್ದ ಲೂದಿ ಒಂದನ್ನೂ ನೋಡಿರಲಿಲ್ಲ.

"ಮೀನಿನ ರಕ್ತ ಇರಬೇಕು ಬಿಡೆ. ನಿಂಗೆ ಬೀದಿ ಅಳೆಯೋಕೆ ಒಂದು ನೆಪ ಸಾಕು," ಎಂದ ಪ್ರಿಮೊ.

ಅನ್ನ, ಒಣಮೀನು ಮುಂದಿತ್ತು. ಎರಡು ತುತ್ತು ತಿಂದಳು, ಮೂರನೆಯದನ್ನು ಎತ್ತಲಿಲ್ಲ. ತಟ್ಟೆ ಮುಚ್ಚಿಟ್ಟು ಮತ್ತೆ ಬಿಸಿಲಿಗೆ ಬಿದ್ದಳು.

ಮೊದಲ ಮನೆ ಸಾಬಾಸ್ ಅಜ್ಜನದು. ಅವನು ಬಿದಿರಿನ ಜಗಲಿಯ ಮೇಲೆ ಬರಿಮೈಯಲ್ಲಿ ಮಲಗಿದ್ದ.

"ಬೆಳಿಗ್ಗೆ ತಾನೆ ಬಂದೋಗಿದ್ದೆ. ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಅಜ್ಜ, ಕೈ ತೋರಿಸಿ ಸ್ವಲ್ಪ."

"ಕೈ ಹಿಡಿಯೋ ಆಸೆ ಇದ್ರೆ ಅರವತ್ತು ವರ್ಷ ಮುಂಚೆ ಬರ್ಬೇಕಿತ್ತಲ್ಲೇ."

ಕೈ ಚೆನ್ನಾಗಿಯೇ ಇತ್ತು. ಎರಡನೆಯ ಮನೆಯಲ್ಲಿ ಅಜ್ಜಿ ಬೈದಳು, ಮೂರನೆಯದರಲ್ಲಿ ಸೊಸೆ ಮುಖ ಸಿಂಡರಿಸಿದಳು. ಅನುಮಾನ ಹೊತ್ತುಕೊಂಡು ಮನೆ ಮನೆ ತಿರುಗುವುದು ಸುಲಭದ ಕೆಲಸವಲ್ಲ. ಪ್ರತಿ ಮನೆಯಿಂದಲೂ ಕೈ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡೇ ಹೊರಬರುತ್ತಿದ್ದಳು, ಆದರೆ ಉಳಿದ ಮನೆಗಳ ಮೇಲಿನ ಅನುಮಾನ ಒಂದು ಮನೆಯಷ್ಟು ಜಾಸ್ತಿಯಾಗುತ್ತಿತ್ತು.

ಎಂಟನೆಯದು ಪಾನ್ಯಾಂಗ್ ಅಜ್ಜಿಯ ಮನೆ. ಪಾನ್ಯಾಂಗ್ ಅಂದರೆ ಒಂದು ಕಾಲಕ್ಕೆ ನಮ್ಮ ಕರಾವಳಿಯಲ್ಲೇ ಹೆಸರಾದ ಚಾಪೆ ಹೆಣೆಯುವಾಕೆ. ಈಗ ಎಂಬತ್ತಮೂರು. ಮಗಳು ಮೆಲ್ಬಾ ಇಪ್ಪತ್ತು ವರ್ಷ ಮನಿಲಾದಲ್ಲಿ ಕಂಡವರ ಬಟ್ಟೆ ಒಗೆದು, ತಾಯಿಗೆ ವಯಸ್ಸಾಯಿತೆಂದು ಎಲ್ಲ ಬಿಟ್ಟು ಬಂದವಳು. ಅಂಥ ಮಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕೆಂದು ಲೂದಿಯೇ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಹೋದಾಗಲೆಲ್ಲ ಅಜ್ಜಿ ತಲೆ ಬಾಚಿಸಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಕುರ್ಚಿಯಲ್ಲಿ ಸಿದ್ಧವಾಗಿ ಕೂತಿರುತ್ತಿದ್ದಳು. ಬಿ.ಪಿ. ನೋಡಲು ಅಂಗಿಯ ಎಡತೋಳು ಮಡಿಸಿ ಕೊಡುತ್ತಿದ್ದವಳೂ ಮೆಲ್ಬಾಳೇ.

ಬಾಗಿಲಿಗೆ ಹೊರಗಿನಿಂದ ಬೀಗ. ಲೂದಿ ಹಿತ್ತಲಿಗೆ ಹೋಗಿ ಕಿಟಕಿಯ ಬಿದಿರು ಪಟ್ಟಿ ಸರಿಸಿದಳು. ಮೂತ್ರದ ವಾಸನೆ ಮುಖಕ್ಕೆ ರಾಚಿತು. ಮಂಚದ ಕಾಲಿಗೆ ಕಟ್ಟಿದ ಹಳೆಯ ಬಟ್ಟೆಯ ಪಟ್ಟಿ, ಪಟ್ಟಿಯ ಇನ್ನೊಂದು ತುದಿಯಲ್ಲಿ ಅಜ್ಜಿಯ ಬಲ ಮಣಿಕಟ್ಟು, ಚರ್ಮ ಸುಲಿದು ಕೈಯ ಹಿಂಬದಿಯವರೆಗೂ ರಕ್ತ ಒಣಗಿತ್ತು. ಪಕ್ಕದ ತಟ್ಟೆಯ ಅನ್ನಕ್ಕೆ ಇರುವೆ ಮುತ್ತಿದ್ದವು.

"ಯಾರು, ಲೂದಿನಾ?" ಅಜ್ಜಿಯ ದನಿ ನೆಟ್ಟಗಿತ್ತು. "ಅಂತೂ ಕಾಣಿಸ್ತಲ್ಲ. ಬೆಳಿಗ್ಗೆ ಬೇಕಂತಲೇ ನಿನ್ನ ಹಣೆಗೆ ರಕ್ತ ಒತ್ತಿ ಒರೆಸಿದ್ದೆ."

ಲೂದಿ ಇನ್ನೊಂದು ಬಿದಿರು ಪಟ್ಟಿಯನ್ನೂ ಸರಿಸಿದಳು.

"ಏಳು ತಿಂಗಳಿಂದ ನಿಂಗೆ ಇದೇ ಕೈ ಕೊಡ್ತಿದೀನಿ. ನೀನು ನೆಲ ನೋಡ್ತಿದ್ದೆ."

"ಈಗ್ಲೇ ನಿಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗ್ತೀನಿ ಅಜ್ಜಿ. ಈಗ್ಲೇ."

"ನಿಲ್ಲೇ. ನಾನು ಹೇಳೋದು ಮೊದ್ಲು..."

ಲೂದಿ ಆಗಲೇ ಬೇಲಿ ದಾಟಿದ್ದಳು.

ಊರಿನ ಮುಖ್ಯಸ್ಥ ಹೆರ್ಮೊನನ್ನು ಎಲ್ಲರೂ ಕಾಪಿತಾನ್ ಎನ್ನುತ್ತೇವೆ. ಒಳ್ಳೆಯ ಮನುಷ್ಯ, ಜಗಳ ಕಂಡರೆ ಮಾತ್ರ ಹೊಟ್ಟೆನೋವು ಶುರು. "ತಾಯಿ ಮಗಳ ವಿಷಯ ಲೂದಿ. ನಾಳೆ ಕರೆಸಿ ಮಾತಾಡೋಣ," ಎಂದ.

"ನಿಮ್ಮಮ್ಮನ್ನ ಮಂಚಕ್ಕೆ ಕಟ್ಟಿದ್ರೂ ನಾಳೆ ಅಂತಿದ್ರಾ ಕಾಪಿತಾನ್?"

ಕಾಪಿತಾನ್ ಕಬ್ಬಿಣದ ಸರಳು ಹುಡುಕಿಕೊಂಡ. ಬೀಗ ಒಡೆದದ್ದಾಯಿತು, ಪಟ್ಟಿ ಕತ್ತರಿಸಿದ್ದಾಯಿತು. ಅಜ್ಜಿ "ನಾನು ಬರಲ್ಲ, ಬಿಡ್ರೋ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಲೂದಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ನಿಮ್ಮ ಒಳ್ಳೇದಕ್ಕೇ ಅಜ್ಜಿ" ಎನ್ನುತ್ತ, ಅನಾಮತ್ತಾಗಿ ಎತ್ತಿ ಮೂರುಗಾಲಿ ಬಂಡಿಯಲ್ಲಿ ಕೂರಿಸಿದಳು. ಓಣಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಒಬ್ಬಿಬ್ಬರು ಫೋನು ಎತ್ತಿ ಹಿಡಿದಿದ್ದರು. ಮುದುಕಿಯ ಒದ್ದೆ ಲಂಗವನ್ನು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ, ಲೂದಿಗೂ ಹೊಳೆಯಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದರು. ಶುಂಠಿ ಹಾಕಿದ ಕೋಳಿಗಂಜಿ ತಂದರು. ಅಜ್ಜಿ ಗೋಡೆಗೆ ಮುಖ ಮಾಡಿದವಳು ಇತ್ತ ತಿರುಗಲಿಲ್ಲ, ಗಂಜಿ ಮುಟ್ಟಲಿಲ್ಲ, ಲೂದಿ ಕರೆದರೆ ಓಗೊಡಲಿಲ್ಲ. ಸಂಜೆ ಮೆಲ್ಬಾ ಗೇಟಿನ ಆಚೆ ಬಂದು ನಿಂತಳು. ಕೈ ಇನ್ನೂ ಸೋಪಿನಿಂದ ಬೆಳ್ಳಗೆ ಸುಕ್ಕುಗಟ್ಟಿತ್ತು. ಜನ ಬಾಯಿಗೆ ಬಂದಂತೆ ಅಂದರು, ಒಬ್ಬಳು ಉಗಿದಳು. ಮೆಲ್ಬಾ ಗೇಟು ಹಿಡಿದು ನಿಂತೇ ಇದ್ದಳು.

ಲೂದಿ ಆ ದಿನ ಗೆದ್ದಿದ್ದಳು. ಆದರೂ ಮೈಯೆಲ್ಲ ಇರುವೆ ಹರಿದ ಹಾಗೆ ಒಂದೇ ಸಮ ಓಡಾಡಿದಳು. ಅಂಗಳಕ್ಕೆ, ಮತ್ತೆ ಒಳಗೆ, ಮತ್ತೆ ಅಂಗಳಕ್ಕೆ. ಅಜ್ಜಿಗೆ ಖುಷಿಯಾಗಬೇಕಿತ್ತಲ್ಲ, ಯಾಕೆ ಮುಖ ತಿರುಗಿಸಿಕೊಂಡಿದ್ದಾಳೆ ಎನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಪಟ್ಟಣದ ಸಮಾಜ ಕಲ್ಯಾಣ ಕಚೇರಿಯಿಂದ ಆರಾಸೆಲಿ ಬಂದಳು. ಮೂವತ್ತೈದರ ಹೆಂಗಸು, ಮಾತು ಕಡಿಮೆ. ಎಲ್ಲರನ್ನೂ ಹೊರಗೆ ಕಳಿಸಿ ಅಜ್ಜಿಯೊಬ್ಬಳ ಜೊತೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತಳು. ಹೊರಬಂದಾಗ ಲೂದಿ ಎದುರಿಗೇ ನಿಂತಿದ್ದಳು.

"ಎಲ್ಲಿಗೆ ಕಳಿಸ್ತೀರಿ ಮೇಡಂ? ಪಟ್ಟಣದ ವೃದ್ಧಾಶ್ರಮದಲ್ಲಿ ಜಾಗ ಇದೆಯಂತೆ. ಬಟ್ಟೆಬರೆ ನಾನೇ ಕಟ್ಟಿಕೊಡ್ತೀನಿ."

"ಅಜ್ಜಿನ ಕೇಳಿದ್ರಾ?"

"ಕೇಳೋದೇನು? ಕಣ್ಣಾರೆ ನೋಡಿದೆನಲ್ಲ."

"ನೀವು ನೋಡಿದ್ದು ಸರಿ, ತಿಳಿಸಿದ್ದೂ ಸರಿ. ಜೀವಕ್ಕೆ ಅಪಾಯ ಅನ್ನಿಸಿದಾಗ ಬೀಗ ಒಡೆದದ್ದನ್ನೂ ನಾನು ತಪ್ಪು ಅನ್ನಲ್ಲ. ಆದ್ರೆ ಅವರ ಬುದ್ಧಿ ನಿಮ್ಮ ನನ್ನಷ್ಟೇ ನೆಟ್ಟಗಿದೆ. ಬುದ್ಧಿ ನೆಟ್ಟಗಿರೋವ್ರು ಎಲ್ಲಿರಬೇಕು, ಯಾರ ಜೊತೆ ಇರಬೇಕು ಅನ್ನೋದು ಅವರ ಹಕ್ಕು. ವಯಸ್ಸಾಯ್ತು ಅಂತ ಅದು ಹೋಗಲ್ಲ. ಏಟು ತಿಂದ್ರು ಅಂತಾನೂ ಹೋಗಲ್ಲ."

"ಮತ್ತೆ ಆ ನರಕಕ್ಕೇ ಹೋಗ್ತೀನಿ ಅಂದ್ರೆ?"

"ಏನಂತಾರೆ ಅಂತ ನಾಳೆ ಎಲ್ಲರ ಮುಂದೆ ಅವರೇ ಹೇಳ್ತಾರೆ. ಪೊಲೀಸರ ದಾರಿನೂ ತಿಳಿಸಿದೀನಿ. ಇವತ್ತು ಬೇಡ ಅಂದಿದಾರೆ, ಬೇಕಾದಾಗ ಹೋಗಬಹುದು. ಮೆಲ್ಬಾನೂ ಬರ್ಲಿ, ಅವಳ ಮಾತೂ ಕೇಳಬೇಕು."

"ಅವಳದೇನು ಮಾತು?" ಎಂದಳು ಲೂದಿ. ಆರಾಸೆಲಿ ಚೀಲ ಹೆಗಲಿಗೇರಿಸಿದಳು.

ಮೂರನೆಯ ದಿನ ಊರ ಕಚೇರಿಯಲ್ಲಿ ಸೇರಿದರು. ಮೇಜಿನ ಹಿಂದೆ ಕಾಪಿತಾನ್, ಅವನ ಮುಂದೆ ದೂರಿನ ಪುಸ್ತಕ. ಒಂದು ಪಕ್ಕ ಅಜ್ಜಿ, ಆರಾಸೆಲಿ. ಎದುರು ಬೆಂಚಿನಲ್ಲಿ ಮೆಲ್ಬಾ ಒಬ್ಬಳೇ. ಲೂದಿ ಕಿಟಕಿಗೊರಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು.

"ಹೇಳಿ ಅಜ್ಜಿ," ಎಂದ ಕಾಪಿತಾನ್. "ದೂರು ಯಾರ ಮೇಲೆ?"

"ಇಬ್ಬರ ಮೇಲೆ. ಮೊದಲನೆಯವಳು ನನ್ನ ಮಗಳು ಮೆಲ್ಬಾ. ಬೀಗ ಹಾಕಿದ್ಲು, ಕಟ್ಟಿದ್ಲು, ಎರಡು ಸಲ ಕೈ ತಿರುಚಿದ್ಲು. ಎರಡನೆಯವಳು ಲೂದಿವಿನಾ."

ಕಾಪಿತಾನ್‌ನ ಪೆನ್ನು ನಿಂತಿತು. "ಲೂದಿನಾ? ಅವಳು ನಿಮ್ಮನ್ನ ಬಿಡಿಸಿದವಳು ಅಜ್ಜಿ."

"ಬಿಡಿಸಿದ್ಲು, ಅದೂ ಬರಿ. ಆಮೇಲೆ ಬೇಡ ಬೇಡ ಅಂದ್ರೂ ನನ್ನ ಬೆರಳು ಬಿಡಿಸಿ, ಒದ್ದೆ ಲಂಗದಲ್ಲಿ, ಊರ ಮುಂದೆ ಮೂಟೆ ಥರ ಹೊತ್ಕೊಂಡು ಹೋದ್ಲು. ಅದನ್ನೂ ಬರಿ. ಆ ಸರಳು ಹಿಡಿದಿದ್ದವನ ಹೆಸರೂ ಬರೆಸ್ತಿದ್ದೆ, ಬರೆಯೋನು ನೀನೇ ಆಗಿರೋದ್ರಿಂದ ಬಿಟ್ಟಿದೀನಿ."

ಯಾರೋ ಕಿಸಕ್ಕೆಂದರು. ಲೂದಿಗೆ ಕಿವಿಯವರೆಗೂ ಬಿಸಿಯೇರಿತು. ಹೊರಗೆ ಓಡಿಬಿಡೋಣ ಅನ್ನಿಸಿತು. ಹದಿನೆಂಟು ವರ್ಷ ಈ ಊರಿಗೆ ಜೀವ ತೇದದ್ದಕ್ಕೆ ಇದಾ ಕೊನೆಗೆ ಸಿಕ್ಕ ಮರ್ಯಾದೆ ಎಂದು ಸಿಟ್ಟೂ ಬಂತು. ಆದರೆ ಆ ಬೆರಳುಗಳು ಚೌಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದವೆಂಬುದು ಅವಳ ಕೈಗೆ ಇನ್ನೂ ನೆನಪಿತ್ತು. ಹೋಗಿ ಮೆಲ್ಬಾಳ ಪಕ್ಕ ಬೆಂಚಿನಲ್ಲಿ ಕೂತಳು. ಮೆಲ್ಬಾ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

"ಮೆಲ್ಬಾ, ನೀವೇನಾದ್ರೂ ಹೇಳ್ತೀರಾ?" ಎಂದಳು ಆರಾಸೆಲಿ.

"ಅಮ್ಮ ಹೇಳಿದ್ದೆಲ್ಲ ನಿಜ," ಎಂದಳು ಮೆಲ್ಬಾ. "ಎರಡು ಸಲ ಎದ್ದೋಗಿ ಚರಂಡಿಗೆ ಬಿದ್ದಿದ್ಲು. ನಾನು ಒಗೆಯೋಕೆ ಹೋಗ್ದಿದ್ರೆ ಒಲೆ ಹತ್ತಲ್ಲ. ಮೊದ್ಲು ಬೀಗ ಹಾಕಿದೆ. ಆಮೇಲೆ ಕಿಟಕಿ ಹತ್ತೋಕೆ ನೋಡಿದ್ಲು, ಕಟ್ಟಿದೆ. ಆಮೇಲೆ ಏನೇನು ಮಾಡಿದೆ ಅಂತ ನಂಗೇ ಹೇಸಿಗೆ ಆಗುತ್ತೆ. ಇವರೆಲ್ಲ ನನ್ನ ಹೊಗಳ್ತಿದ್ರು. ಹೊಗಳಿಸ್ಕೊಂಡವಳು ಕೈಲಾಗಲ್ಲ ಅಂತ ಯಾರ ಹತ್ರ ಹೇಳೋದು?"

ಊರೆಲ್ಲ ಹೊಗಳಿ ತಿರುಗಿದ್ದವಳು ಪಕ್ಕದಲ್ಲೇ ಕೂತಿದ್ದಳು.

"ನೀನು ಸೋತಿದ್ದೆ ಅಂತ ನಂಗೆ ಗೊತ್ತು," ಎಂದಳು ಅಜ್ಜಿ ಮಗಳಿಗೆ. "ಸೋತೆ ಅಂದ್ರೆ ಹೇಳ್ಬೇಕು. ಕಟ್ಟಬಾರದು."

ಆರಾಸೆಲಿ ಅಜ್ಜಿಯ ಕಡೆ ಬಗ್ಗಿದಳು. "ಇವತ್ತಿಂದ ಎಲ್ಲಿರ್ತೀರಿ ಅಜ್ಜಿ? ನೀವು ಹೇಳಿದ ಹಾಗೆ."

ಲೂದಿಯ ಜೀವವೆಲ್ಲ ಕಿವಿಗೆ ಬಂದಿತ್ತು. ಆಶ್ರಮ ಅನ್ನಲಿ, ಯಾರದಾದರೂ ಮನೆ ಅನ್ನಲಿ, ಬೇಕಾದರೆ ತನ್ನ ಮನೆಯೇ ಅನ್ನಲಿ, ಆ ಮಂಚ ಮಾತ್ರ ಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

"ನನ್ನ ಮನೇಲಿ," ಎಂದಳು ಅಜ್ಜಿ. "ಚಾಪೆ ಹೆಣೆದು ಕಟ್ಟಿಸಿದ ಮನೆ, ಪತ್ರ ನನ್ನ ಹೆಸರಲ್ಲಿದೆ. ಮೂರು ದಿನದಿಂದ ಎಲ್ಲರೂ ನನ್ನ ಎಲ್ಲಿಗೆ ಹಾಕೋದು ಅಂತ ಯೋಚನೆ ಮಾಡ್ತಿದೀರಲ್ಲ, ತಪ್ಪು ಮಾಡಿದವಳು ಮನೇಲಿ, ಏಟು ತಿಂದವಳು ಬೀದೀಲಾ? ಮೆಲ್ಬಾ ಹೋಗ್ಲಿ. ಒಂದು ತಿಂಗಳು ಅವಳ ಚಿಕ್ಕಪ್ಪನ ಮನೇಲಿ ಇರ್ಲಿ, ನಿದ್ದೆ ಮಾಡ್ಲಿ. ಆಮೇಲೆ ಬರೋದಾ ಬೇಡ್ವಾ ಅಂತ ನಾನು ಹೇಳ್ತೀನಿ. ಹಗಲು ಹೊತ್ತು ಊರಿನ ಚಾಪೆ ಹೆಣೆಯೋ ಹೆಂಗಸರು ನನ್ನ ಜಗಲೀಲೇ ಬಂದು ಹೆಣೀಲಿ, ನಂಗೂ ಕಣ್ಣಿಗೆ ಜನ ಸಿಗ್ತಾರೆ. ಬೀಗದ ಕೈ ನನ್ನ ಹತ್ರ."

ಆರಾಸೆಲಿ ಅದನ್ನೆಲ್ಲ ಬರೆದುಕೊಂಡಳು. ಹದಿನೈದು ದಿನಕ್ಕೊಮ್ಮೆ ತಾನೂ ಬಂದು ನೋಡುತ್ತೇನೆಂದಳು, ಅಜ್ಜಿ ಆಗಲಿ ಅಂದಳು. ಮೆಲ್ಬಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಅಳುವಿನಲ್ಲಿ ನಾಚಿಕೆ ಎಷ್ಟಿತ್ತೋ ಭಾರ ಇಳಿದ ಸಮಾಧಾನವೂ ಅಷ್ಟೇ ಇತ್ತು.

"ಮತ್ತೆ ಲೂದಿಗೆ?" ಎಂದು ಕೇಳಿದ ಕಾಪಿತಾನ್.

"ಅವಳು ಬರೋದು ನಿಲ್ಲಿಸಬಾರದು. ಆದ್ರೆ ಕೇಳಿ ಒಳಗೆ ಬರ್ಬೇಕು."

ಪುಸ್ತಕದಲ್ಲಿ ಮೆಲ್ಬಾಳ ಸಹಿಯ ಕೆಳಗೆ ಲೂದಿಯೂ ಸಹಿ ಹಾಕಿದಳು.

ಮರುದಿನ ಏಳು ಗಂಟೆಗೆಲ್ಲ ಅವಳು ಆ ಬಾಗಿಲ ಮುಂದೆ ನಿಂತಿದ್ದಳು. ಚಾಪೆಯ ಹೆಂಗಸರು ಇನ್ನೂ ಬಂದಿರಲಿಲ್ಲ. ಬಾಗಿಲು ಬರಿದೆ ಮುಂದಕ್ಕೆಳೆದಿತ್ತು, ತಳ್ಳಿದರೆ ತೆರೆಯುವಂತಿತ್ತು.

"ಅಜ್ಜಿ, ಬರ್ಲಾ?"

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಒಳಗೆ ಏನೋ ಕಿರುಗುಟ್ಟಿತು, ಆಮೇಲೆ ಮೌನ. ರಾತ್ರಿ ಬಿದ್ದಿದ್ದಾಳೋ, ಉಸಿರಿದೆಯೋ ಇಲ್ಲವೋ. ಲೂದಿಯ ಅಂಗೈ ಬಾಗಿಲ ಮೇಲಿತ್ತು. ಒಂದು ತಳ್ಳು ಸಾಕಿತ್ತು. ಮೈಯ ಎಲುಬುಗಳೆಲ್ಲ ತಳ್ಳು ತಳ್ಳು ಎನ್ನುತ್ತಿದ್ದವು. ಕೈ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ತಡಿಯೇ," ಎಂದಿತು ಒಳಗಿನಿಂದ ದನಿ. "ಎದ್ದು ಬರ್ತಿದೀನಿ."

ಕೋಲು ನೆಲಕ್ಕೆ ತಾಗಿದ ಸದ್ದು ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಮಂಚದಿಂದ ಬಾಗಿಲಿಗೆ ಎಂಟು ಹೆಜ್ಜೆಯಿದ್ದೀತು. ಲೂದಿ ನಿಂತೇ ಇದ್ದಳು. ಅವಳ ಜನ್ಮದಲ್ಲಿ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು.