ಮೈಕಿನೆದುರು ನಿಂತ ಅಜ್ಜಿ

ಮೊನ್ನೆ ಹಾಸಿಗೆ ಹೊಲಿಯುವವನ ಅಂಗಡಿ ದಾಟುವಾಗ ಹತ್ತಿಯ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಯಶವಂತಪುರದ ವಠಾರದ ಪಕ್ಕದ ಮನೆ ಅಜ್ಜಿ ನೆನಪಾದರು... ಹರೆಯದಲ್ಲಿ ಅವರು ಬಟ್ಟೆ ಮಿಲ್ಲಿನಲ್ಲಿ ದುಡಿದವರು. ಆ ಧೂಳು ಕೊನೆತನಕ ಅವರ ಎದೆಯಲ್ಲಿ ಕೂತಿತ್ತು.

ನಾನು ಗದಗಿನ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮ ಯಜಮಾನರೂ ವಠಾರದ ಉಳಿದ ಗಂಡಸರೂ ಒಂದೇ ಕಾರ್ಖಾನೆಯವರು. ಎಂಬತ್ತರ ದಶಕ ಶುರುವಾದ ಹೊತ್ತಿಗೆ ಅಲ್ಲಿ ಮುಷ್ಕರವಾಯಿತು. ವಾರಗಳು ಕಳೆದವು, ಅಕ್ಕಿ ಡಬ್ಬಿಯ ತಳ ಕಂಡಿತು. ಒಂದು ಬೆಳಿಗ್ಗೆ ಕಂಪನಿಯ ಜೀಪು ವಠಾರದ ಬಾಗಿಲಿಗೇ ಬಂತು. ನಾಳೆ ಬಾರದವರಿಗೆ ಮುಂದೆಂದೂ ಕೆಲಸವಿಲ್ಲ ಎಂದು ಮೈಕು ಕೂಗಿತು. ಗಂಡಸರು ನೆಲ ನೋಡುತ್ತ ನಿಂತರು. ನನ್ನ ಮಗಳು ಒಳಗೆ ಆಗಷ್ಟೇ ನಿದ್ದೆ ಹೋಗಿದ್ದಳು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪಿನ ಮುಂದೆ ಹೋಗಿ ನಿಂತರು.

"ಮೈಕ್ ಆಫ್ ಮಾಡಪ್ಪ. ಕೂಸು ಮಲ್ಗೈತೆ."

ಮೈಕು ಹಿಡಿದವನು ಆಫ್ ಮಾಡಿಯೇಬಿಟ್ಟ!

"ನಲವತ್ತೆರಡ್ರಲ್ಲೂ ಇಂಗೇ ಬಂದಿದ್ರು, ತಮಟೆ ಒಡ್ಕೊಂಡು. ಆವತ್ತೂ ನಾವು ಓಗ್ಲಿಲ್ಲ."

ಜೀಪು ಹೋದ ಮೇಲೆ ಜಗಲಿಯ ಮೇಲೆ ಕೂತು ಆ ವರ್ಷದ ಕಥೆ ಹೇಳಿದರು. ಆಗಸ್ಟಿನಲ್ಲಿ ಚಳವಳಿಯ ದೊಡ್ಡವರನ್ನೆಲ್ಲ ಜೈಲಿಗೆ ಹಾಕಿದ ಸುದ್ದಿ ಬಂದದ್ದೇ ತಡ, ಮಿಲ್ಲಿನ ಯಂತ್ರಗಳು ನಿಂತವು. ಕಾಲೇಜು ಹುಡುಗರು ಬೀದಿಗಿಳಿದರು, ಟೆಲಿಗ್ರಾಫ್ ತಂತಿಗಳು ತುಂಡಾದವು, ಪೇಟೆಯಲ್ಲಿ ಗುಂಡು ಹಾರಿ ಜನ ಸತ್ತರು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿಯರ ಸಿಪಾಯಿಗಳು, ಪೇಟೆಯಲ್ಲಿ ಮಹಾರಾಜರ ಪೊಲೀಸರು. ಬೀಳುವ ಏಟು ಮಾತ್ರ ಒಂದೇ. ಅಜ್ಜಿಯ ಗಂಡನನ್ನು ಎಳೆದೊಯ್ದರು. ಮಿಲ್ಲಿನ ಮೇಸ್ತ್ರಿ ತಮಟೆಯವನ ಜೊತೆ ಮನೆಗೇ ಬಂದು ಕೆಲಸಕ್ಕೆ ಕರೆದ. ಅಜ್ಜಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮಿಲ್ಲಿಗೆ ಹೋದದ್ದು ನಿಜ, ಆದರೆ ಒಳಗೆ ಹೋಗಲಿಲ್ಲ. ಗೇಟಿಗೆ ಅಡ್ಡ ಕೂತರಂತೆ.

"ಆಮ್ಯಾಲೆ ಏನಾತು, ಅಜ್ಜಿ?" ಎಂದೆ.

"ಸೋತ್ವಿ ಕಣಮ್ಮ. ನಮ್ ಯಜಮಾನ್ರ್ ಕೆಲ್ಸಾನೂ ಓಯ್ತು, ನಂದೂ ಓಯ್ತು." ಕೆಮ್ಮಿ, ಉಸಿರು ತೆಗೆದುಕೊಂಡು ನಕ್ಕರು. "ಐದು ವರ್ಸಕ್ಕೆ ಬಿಳಿಯೋನೂ ಓದ."

ಮರುದಿನ ಹೆಂಗಸರೆಲ್ಲ ಮಕ್ಕಳನ್ನೆತ್ತಿಕೊಂಡು ಕಾರ್ಖಾನೆಯ ಗೇಟಿಗೆ ಹೋಗಿ ಅಡ್ಡ ಕೂತೆವು. ಎಲ್ಲರಿಗಿಂತ ಮುಂದೆ ಅಜ್ಜಿ. ಪೊಲೀಸಿನವನೊಬ್ಬ ಲಾಠಿಯಿಂದ ನೆಲ ಕುಟ್ಟಿ, "ಏಳ್ರಮ್ಮ ಮೇಲೆ" ಎಂದ. ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು, ಕಾಲು ಚಾಚಿ ಕೂತರು. ನಮ್ಮ ವಠಾರದ ಒಬ್ಬ ಗಂಡಸೂ ಆವತ್ತು ಒಳಗೆ ಹೋಗಲಿಲ್ಲ.

ಕೊನೆಗೆ ನಾವೂ ಸೋತೆವು... ಕೇಳಿದ್ದು ಯಾವುದೂ ಸಿಗಲಿಲ್ಲ. ಆದರೆ ಗಂಡಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಹೋಗಲಿಲ್ಲ. ಒಂದೇ ಬೆಳಿಗ್ಗೆ, ಒಟ್ಟಿಗೆ, ಘೋಷಣೆ ಕೂಗುತ್ತಲೇ ಕೆಲಸಕ್ಕೆ ಮರಳಿದರು. ಮುಂದಿನ ಚಳಿಗಾಲದಲ್ಲಿ ಕೆಮ್ಮು ಜೋರಾಗಿ ಅಜ್ಜಿ ತೀರಿಕೊಂಡರು. ಅವರದೊಂದು ಫೋಟೋ ಕೂಡ ಯಾರಲ್ಲೂ ಇಲ್ಲ.

ಈಗ ಕಾರ್ಖಾನೆಯೂ ಇಲ್ಲ, ವಠಾರವೂ ಇಲ್ಲ. ನಾವು ಕೂತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಗೇಟು. ಮೊನ್ನೆ ಹಾಸಿಗೆ ಅಂಗಡಿಯಿಂದ ನೇರ ಅಲ್ಲಿಗೇ ಹೋದೆ.

"ಯಾರ್ ಬೇಕಿತ್ತು ಅಜ್ಜಿ?" ಎಂದ ಸೆಕ್ಯುರಿಟಿಯವನು. "ಇಲ್ಲೆಲ್ಲ ಕೂರಂಗಿಲ್ಲ."

"ನನಗೆ ಬೇಕಾದವರು ಈಗಿಲ್ಲಪ್ಪ," ಎಂದೆ. ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ, ಅಲ್ಲೇ ಕೂತೆ.