ಹಾರ ಹಾಕಿದ ಅಭಿನಂದನೆ

ಹೋದ ತಿಂಗಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವ ಬೆಸುಗೆ ಹಾಕುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಓಣಿಯ ಕೇಬಲ್ ಅಣ್ಣ ನೆನಪಾದ...

ಅವನ ಮಹಡಿಯ ಕೋಣೆ ಸದಾ ಹೀಗೇ ನಾರುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ, ಅಲ್ಲಿಂದಲೇ ಅವನು ಊರಿನ ಚಾನೆಲ್ ನಡೆಸುತ್ತಿದ್ದ. ಈರುಳ್ಳಿ ದರ, ಕಳೆದುಹೋದ ಎಮ್ಮೆ, ಹುಟ್ಟುಹಬ್ಬ, ಸಾವು, ಎಲ್ಲಕ್ಕೂ ಒಂದೇ ಶಹನಾಯಿ ಕ್ಯಾಸೆಟ್ಟು. ಕೆಳಗಿನ ಮನೆಯಲ್ಲಿ ಅವನ ಅಕ್ಕ ಇದ್ದಳು. ತಾಯಿಯಿಲ್ಲದ ತಮ್ಮನನ್ನು ಕೂಲಿ ಮಾಡಿ ಓದಿಸಿದವಳು. ತಾನು ಮಾತ್ರ ಶಾಲೆಯ ಕಟ್ಟೆ ಹತ್ತಿದವಳಲ್ಲ.

ಅವತ್ತು ಮಧ್ಯಾಹ್ನ ನಾನೂ ಅಕ್ಕನೂ ಟಿ.ವಿ. ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದೆವು. ಅವಳ ಗಂಡ ಲಾರಿ ಡ್ರೈವರ್, ನಾನು ಮಾವ ಎನ್ನುತ್ತಿದ್ದೆ. ಲೋಡು ತೆಗೆದುಕೊಂಡು ಹೋಗಿ ವಾರವಾಗಿತ್ತು. ಇದ್ದಕ್ಕಿದ್ದಂತೆ ತೆರೆಯ ಮೇಲೆ ಮಾವನದೇ ಫೋಟೋ! ಸುತ್ತ ಹೂವಿನ ಹಾರ, ಕೆಳಗೆ ಉರಿಯುವ ಎರಡು ದೀಪ, ಜೊತೆಗೆ ಆ ಹಾಳಾದ ಶಹನಾಯಿ. ಅಯ್ಯೋ ಶಿವನೇ! ಕೆಳಗಿನ ಅಕ್ಷರ ನಾನು ಓದಿ ಮುಗಿಸುವುದರೊಳಗೆ ಅಕ್ಕ ಚೀರಿ, ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿಬಿಟ್ಟಿದ್ದಳು. ಬಳೆಗಳೆಲ್ಲ ಚೂರುಚೂರು. ಮುಂಗೈಯಿಂದ ರಕ್ತ.

"ಅಕ್ಕಾ, ಅಭಿನಂದನಿ ಅಂತ ಬರದೈತಿ! ಮಾವಾರು ಡ್ರೈವರ್ ಸಂಘಕ್ಕ ಅಧ್ಯಕ್ಷ ಆಗ್ಯಾರಂತ!" ಎಂದು ಕೂಗಿದೆ. ಅವಳ ಕಿವಿಗೆ ಬೀಳಲೇ ಇಲ್ಲ.

ಅಷ್ಟರಲ್ಲಿ ಕೇಬಲ್ ಅಣ್ಣ ಪೇಡೆ ಡಬ್ಬಿ ಹಿಡಿದು ಮೆಟ್ಟಿಲಿಳಿದು ಓಡಿ ಬಂದ. ಮುಖದ ತುಂಬ ನಗು. ಅಕ್ಕನಿಗೆ ಖುಷಿಯಾಗಲೆಂದು ಹೊಸ ಕಂಪ್ಯೂಟರಿನಲ್ಲಿ ಹಾರ, ದೀಪ ಎಲ್ಲ ತಾನೇ ಕೂಡಿಸಿದ್ದನಂತೆ! ಛೆ, ಎಂಥ ಬುದ್ಧಿ... ರಕ್ತ ಕಂಡವನೇ ಡಬ್ಬಿ ಬಿಸುಟು, ಹೆಗಲ ಮೇಲಿನ ಟವೆಲನ್ನು ಅಕ್ಕನ ಮುಂಗೈಗೆ ಸುತ್ತಿದ.

ಎಸ್.ಟಿ.ಡಿ. ಬೂತಿನಿಂದ, ಮಾವ ಲೋಡು ಒಯ್ದಿದ್ದ ಊರಿನ ಲಾರಿ ಆಫೀಸಿಗೆ ಫೋನು ಹಚ್ಚಿ, ಗಂಡನ ದನಿ ಕೇಳಿಸಿದ ಮೇಲೆಯೇ ಅಕ್ಕ ನಂಬಿದ್ದು. ಆಮೇಲೆ ತಮ್ಮನತ್ತ ತಿರುಗಿದಳು.

"ಲೇ ತಮ್ಮಾ, ನಂಗ ಓದಾಕ ಬರಂಗಿಲ್ಲಂತ ನಿನಗೂ ಗೊತ್ತಿರ್ಲಿಲ್ಲೇನೋ?"

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅವಳು ಬೈಯಲಿಲ್ಲ, ಮಾತೇ ಬಿಟ್ಟಳು.

ಮರುದಿನದಿಂದ ಅವನು ಮೈಕ್ ಹಿಡಿದ. ಯಾರ ಫೋಟೋ ಬರಲಿ, ಮೊದಲು ಅವನ ದನಿ: "ಗಾಬರಿ ಆಗಬ್ಯಾಡ್ರಿ, ಇವ್ರು ಆರಾಮ ಅದಾರ." ಊರೇ ಬಿದ್ದು ಬಿದ್ದು ನಕ್ಕಿತು. ಅವನು ಬಿಡಲಿಲ್ಲ. ಸಾವಿನ ಸುದ್ದಿಯಾದರೆ, ಮನೆಯವರಿಗೆಲ್ಲ ತಿಳಿದಿದೆಯೇ ಎಂದು ಖುದ್ದು ಹೋಗಿ ವಿಚಾರಿಸಿ ಬಂದ ಮೇಲೆಯೇ ಹೇಳುತ್ತಿದ್ದ. ದಿನಾ ಆ ದನಿ ಕೇಳಿ ಕೇಳಿ ಅಕ್ಕ ಕರಗಿದಳು. ಒಂದು ದಿನ ಮೆಟ್ಟಿಲ ಕೆಳಗೆ ನಿಂತು, "ಉಣ್ಣಾಕ ಬಾರೋ" ಎಂದು ಕರೆದಳು.

ಆಮೇಲೆ ಮನೆಮನೆಗೂ ಡಿಶ್ ಬಂತು, ಚಾನೆಲ್ ಮುಚ್ಚಿತು. ನಾನೂ ಮದುವೆಯಾಗಿ ಹರಪನಹಳ್ಳಿ ಸೇರಿದೆ...

ಹೋದ ತಿಂಗಳು ಆ ಅಂಗಡಿಯಲ್ಲಿ ಫೋನು ರಿಪೇರಿಯಾದ ಕೂಡಲೇ ಅಕ್ಕನಿಗೆ ಮಾಡಿದೆ. ಅಣ್ಣ ಹೇಗಿದ್ದಾನೆ ಎಂದು ಕೇಳಿದೆ.

"ಅವ ಹೋಗಿ ವರ್ಷಾತಲ್ಲವ್ವಾ ತಂಗಿ... ನಿನಗ ಯಾರೂ ಹೇಳ್ಲಿಲ್ಲೇನ? ಎಲ್ಲಾರ ಸುದ್ದಿ ಅವನೇ ಹೇಳ್ತಿದ್ದ. ಅವನ ಸುದ್ದಿ ಹೇಳಾಕ ಯಾರಿದ್ರು?"

ಫೋನು ಹಿಡಿದು ಅಂಗಡಿಯ ಮುಂದೆ ಹಾಗೇ ನಿಂತುಬಿಟ್ಟೆ. ಒಂದು ವರ್ಷ... ಅವನು ಆರಾಮಾಗಿದ್ದಾನೆ ಎಂದೇ ನಾನು ತಿಳಿದಿದ್ದೆ.